‘ಪವಿತ್ರ ಧರ್ಮಸಭೆ’ ಎನ್ನುವಾಗ ನಾವು ನಿಜವಾಗಿ ಏನನ್ನು ಹೇಳುತ್ತಿದ್ದೇವೆ?

ಬೆಳಗಿನ ಪೂಜೆ

ದೃಢೀಕರಣ ಸಂಸ್ಕಾರಕ್ಕೆ ಸಿದ್ಧರಾಗುತ್ತಿರುವ ಹತ್ತನೇ ತರಗತಿಯ ಮಕ್ಕಳಿಗೆ ನಾನು ಭಾನುವಾರಗಳಂದು ಧರ್ಮೋಪದೇಶ ಹೇಳಿಕೊಡುತ್ತೇನೆ. ಧರ್ಮಸಭೆಯು (ಚರ್ಚು) ಏಕ, ಪವಿತ್ರ, ಕಥೋಲಿಕ ಮತ್ತು ಪ್ರೇಷಿತ ಎಂಬ ನಾಲ್ಕು ಲಕ್ಷಣಗಳಲ್ಲಿ ಎರಡನೆಯದಕ್ಕೆ ಬಂದಾಗ ಪಾಠ ಅಲ್ಲಿಗೇ ನಿಂತುಬಿಟ್ಟಿತು. ಸ್ಥಾಪಕರಾದ ಯೇಸುಸ್ವಾಮಿ ಪವಿತ್ರರಾದ್ದರಿಂದ ಧರ್ಮಸಭೆಯೂ ಪವಿತ್ರ ಎಂದು ಪುಸ್ತಕದಲ್ಲಿದ್ದ ಉತ್ತರವನ್ನೇ ಹೇಳಿದೆ. ಸ್ಥಾಪಕರ ವಿಷಯದಲ್ಲಿ ತಮಗೆ ಸಂದೇಹವಿಲ್ಲ, ಆದರೆ ಯಾಜಕರ ಮೇಲಿನ ಮೊಕದ್ದಮೆಗಳನ್ನೂ ಹಣಕಾಸಿನ ಜಗಳಗಳನ್ನೂ ಪತ್ರಿಕೆಗಳಲ್ಲಿ ಓದಿದ ಮೇಲೆ ಆ ಮಾತನ್ನು ಪೂಜೆಯ ವಿಶ್ವಾಸಪ್ರಮಾಣದಲ್ಲಿ ಎದ್ದು ನಿಂತು ಗಟ್ಟಿಯಾಗಿ ಹೇಳಿದರೆ ಸುಳ್ಳಾಗುವುದಿಲ್ಲವೇ ಎಂದು ಮಕ್ಕಳು ಕೇಳಿದರು.

ಧರ್ಮಸಭೆ ಪವಿತ್ರ, ತಪ್ಪು ಮಾಡುವವರು ಕೆಲವು ವ್ಯಕ್ತಿಗಳು ಮಾತ್ರ ಎಂಬ ಉತ್ತರವನ್ನು ಹಿರಿಯರಿಂದ ಬಹಳ ಸಲ ಕೇಳಿದ್ದೇನೆ. ನನಗೆ ಅದು ಜಾರಿಕೊಳ್ಳುವ ಮಾತಿನಂತೆ ತೋರುತ್ತದೆ. ವ್ಯಕ್ತಿಗಳನ್ನೆಲ್ಲ ಒಬ್ಬೊಬ್ಬರಾಗಿ ಬದಿಗೆ ಸರಿಸಿದ ಮೇಲೆ ಪವಿತ್ರವಾಗಿ ಉಳಿಯುವುದು ಯಾವುದು, ಕಟ್ಟಡವೇ? ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು.

ಹಳೇ ಉಪದೇಶಿ

ಮಕ್ಕಳು ಸರಿಯಾದ ಜಾಗಕ್ಕೇ ಕೈಯಿಟ್ಟಿದ್ದಾರೆ. ನಮ್ಮ ಗೊಂದಲಕ್ಕೆ ಕಾರಣವೇನೆಂದರೆ, ಪವಿತ್ರತೆ ಎಂದ ಕೂಡಲೇ ನಾವು ಒಳ್ಳೆಯ ನಡತೆಯನ್ನು ನೆನೆಯುತ್ತೇವೆ, ಆಮೇಲೆ ಸದಸ್ಯರ ನಡತೆಯನ್ನೆಲ್ಲ ಕೂಡಿಸಿ ಕಳೆದು ಧರ್ಮಸಭೆಗೆ ಅಂಕ ಕೊಡಲು ಹೊರಡುತ್ತೇವೆ. ಪವಿತ್ರಗ್ರಂಥದಲ್ಲಿ ವಿಷಯ ಬೇರೆ ತುದಿಯಿಂದ ಆರಂಭವಾಗುತ್ತದೆ. ದೇವರೊಬ್ಬರೇ ಪವಿತ್ರರು, ಅವರು ತಮ್ಮದಾಗಿ ಮಾಡಿಕೊಂಡದ್ದು, ತಮ್ಮ ಕೆಲಸಕ್ಕೆಂದು ತೆಗೆದಿರಿಸಿಕೊಂಡದ್ದು ಆ ಕಾರಣದಿಂದ ಪವಿತ್ರವಾಗುತ್ತದೆ. ಕ್ರಿಸ್ತರು ಧರ್ಮಸಭೆಯನ್ನು ಪ್ರೀತಿಸಿ, ಅದನ್ನು ಶುದ್ಧೀಕರಿಸಲು ತಮ್ಮನ್ನೇ ಒಪ್ಪಿಸಿಕೊಟ್ಟರು ಎಂದು ಎಫೆಸದವರಿಗೆ ಬರೆದ ಪತ್ರದ ಐದನೇ ಅಧ್ಯಾಯ ಹೇಳುತ್ತದೆ. ಅಲ್ಲಿ ಕ್ರಿಯೆಯೆಲ್ಲ ಕ್ರಿಸ್ತರದ್ದೇ ಹೊರತು ನಮ್ಮದಲ್ಲ.

ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರವನ್ನು ಮಕ್ಕಳಿಂದಲೇ ಓದಿಸಿ. ಮೊದಲ ಅಧ್ಯಾಯದ ಎರಡನೇ ವಚನದಲ್ಲೇ ಅವರನ್ನು ಪವಿತ್ರಗೊಂಡವರು ಎಂದು ಕರೆಯುತ್ತಾರೆ. ಅದೇ ಪತ್ರದ ಐದನೇ ಅಧ್ಯಾಯದಲ್ಲಿ ಅನ್ಯಧರ್ಮೀಯರಲ್ಲೂ ಇಲ್ಲದಂಥ ಅನೈತಿಕತೆ ನಿಮ್ಮಲ್ಲಿದೆ ಎಂದು ಗದರುತ್ತಾರೆ. ಹನ್ನೊಂದನೇ ಅಧ್ಯಾಯಕ್ಕೆ ಬಂದರೆ ಪ್ರಭುವಿನ ಭೋಜನಕ್ಕೆ ಕೂಡಿದವರಲ್ಲಿ ಒಬ್ಬ ಹಸಿದು ಕುಳಿತಿದ್ದಾನೆ, ಇನ್ನೊಬ್ಬ ಕುಡಿದು ಅಮಲೇರಿಸಿಕೊಂಡಿದ್ದಾನೆ. ಪೌಲರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲವರಾಗಿದ್ದರು. ಪವಿತ್ರರು ಎಂಬ ಹೆಸರನ್ನು ಅವರು ಹಿಂದಕ್ಕೆ ಪಡೆಯಲಿಲ್ಲ. ಪವಿತ್ರರಾಗಿದ್ದೂ ಹೀಗೆ ಬದುಕುತ್ತೀರಲ್ಲ ಎಂದು ಆ ಹೆಸರಿನಿಂದಲೇ ಅವರನ್ನು ಹಿಡಿದು ನಿಲ್ಲಿಸಿದರು.

ರಸ್ತೆಬದಿ ಓದುಗ

ಉಪದೇಶಿಗಳೇ, ಕೊಟ್ಟವರು ದೇವರು, ಆದ್ದರಿಂದ ಕಳೆದುಹೋಗುವುದಿಲ್ಲ ಎಂದಾದರೆ ಕೊರಿಂಥದವರು ಕುಡಿದರೂ ನಡೆಯುತ್ತದೆ ಎಂದಾಯಿತಲ್ಲ?

ಹಳೇ ಉಪದೇಶಿ

ನಡೆಯುವುದಿಲ್ಲ. ಹಾಗೆ ಉಂಡು ಕುಡಿಯುವವರು ತಮ್ಮ ಮೇಲೆ ತಾವೇ ದಂಡನೆಯನ್ನು ತಂದುಕೊಳ್ಳುತ್ತಾರೆ ಎಂದು ಅದೇ ಅಧ್ಯಾಯದಲ್ಲಿದೆ. ದಯವಿಟ್ಟು ಅರ್ಧಕ್ಕೆ ನಿಲ್ಲಿಸದೆ ಪೂರ್ತಿ ಓದಿ.

ಇತಿಹಾಸದ ಹುಳು

ಬೆಳಗಿನ ಪೂಜೆಯವರ ಮಕ್ಕಳು ಕೇಳಿದ ಪ್ರಶ್ನೆಯನ್ನೇ ನಾಲ್ಕನೇ ಶತಮಾನದ ಉತ್ತರ ಆಫ್ರಿಕಾ ಕೇಳಿ, ಅದರ ಮೇಲೆ ನೂರು ವರ್ಷ ಒಡೆದು ನಿಂತಿತ್ತು. 303ರಲ್ಲಿ ಚಕ್ರವರ್ತಿ ಡಯೋಕ್ಲೇಷಿಯನ್ ಕ್ರೈಸ್ತರ ಪವಿತ್ರಗ್ರಂಥಗಳನ್ನು ಕಿತ್ತು ಸುಡಲು ಆಜ್ಞೆ ಮಾಡಿದ. ಕೆಲವರು ಪ್ರಾಣ ಕೊಟ್ಟರು; ಕೆಲವು ಧರ್ಮಾಧ್ಯಕ್ಷರು (ಬಿಷಪರು) ಗ್ರಂಥಗಳನ್ನು ಒಪ್ಪಿಸಿ ಜೀವ ಉಳಿಸಿಕೊಂಡರು. ಹಿಂಸೆ ತಣಿದ ಮೇಲೆ ಕಾರ್ತೇಜಿಗೆ ಕೆಸಿಲಿಯನ್ ಎಂಬವರು ಧರ್ಮಾಧ್ಯಕ್ಷರಾದರು. ಅವರಿಗೆ ಅಭಿಷೇಕ ಮಾಡಿದ ಅಪ್ಟುಂಗದ ಫೆಲಿಕ್ಸ್ ಗ್ರಂಥ ಒಪ್ಪಿಸಿದವರಲ್ಲೊಬ್ಬರೆಂಬ ಆರೋಪವೆದ್ದಿತು. ಅಶುದ್ಧರ ಕೈಯಿಂದ ಪವಿತ್ರಾತ್ಮರ ವರ ಹರಿಯಲಾರದು, ಆದ್ದರಿಂದ ಆ ಅಭಿಷೇಕವೇ ಅಸಿಂಧು ಎಂದು ಹೊರನಡೆದವರು ಮುಂದೆ ತಮ್ಮ ನಾಯಕ ಡೊನಾಟಸ್‌ನ ಹೆಸರಿನಿಂದ ಡೊನಾಟಿಸ್ಟರು ಎನಿಸಿಕೊಂಡರು. ತಾವೇ ಕಳಂಕವಿಲ್ಲದ ಧರ್ಮಸಭೆ ಎಂಬುದು ಅವರ ವಾದವಾಗಿತ್ತು.

314ರ ಆರ್ಲ್ ಸಭೆ ಅವರ ವಾದವನ್ನು ತಳ್ಳಿಹಾಕಿತು, ಆದರೂ ಜಗಳ ಮುಗಿಯಲಿಲ್ಲ. 411ರಲ್ಲಿ ಕಾರ್ತೇಜಿನಲ್ಲಿ ಎರಡೂ ಕಡೆಯ ಐನೂರಕ್ಕೂ ಹೆಚ್ಚು ಧರ್ಮಾಧ್ಯಕ್ಷರು ಮುಖಾಮುಖಿಯಾದರು. ಕಥೋಲಿಕರ ಪರವಾಗಿ ಹಿಪ್ಪೋ ನಗರದ ಸಂತ ಅಗಸ್ಟೀನರು ಮುಂದೆ ನಿಂತರು. ದೀಕ್ಷಾಸ್ನಾನವನ್ನು ಪೇತ್ರ ಕೊಡಲಿ, ದ್ರೋಹಿ ಯೂದಾಸನೇ ಕೊಡಲಿ, ಕೊಡುವವರು ಕ್ರಿಸ್ತರೇ ಎಂಬುದು ಅವರ ಪಟ್ಟು. ಗೋಧಿಯ ಹೊಲದಲ್ಲಿ ಕಳೆ ಬೆಳೆದ ಸಾಮತಿಯನ್ನು (ಮತ್ತಾಯ 13) ತೋರಿಸಿ, ಕೊಯ್ಲಿನ ತನಕ ಎರಡೂ ಕೂಡಿಯೇ ಬೆಳೆಯುತ್ತವೆ, ಬೇರ್ಪಡಿಸುವ ಅಧಿಕಾರ ನಮ್ಮದಲ್ಲ ಎಂದರು. ಅದು ಹೊಲದ ಕಥೆ, ಹೊಲವೆಂದರೆ ಲೋಕ ಎಂದು ಸ್ವಾಮಿಯೇ ಹೇಳಿದ್ದಾರೆ ಎಂದು ಡೊನಾಟಿಸ್ಟರು ತಿರುಗೇಟು ಕೊಟ್ಟರು. ನನಗೇನೋ ಆ ತಿರುಗೇಟು ಅಷ್ಟು ದುರ್ಬಲವೆಂದು ಅನ್ನಿಸುವುದಿಲ್ಲ. ಆದರೂ ಧರ್ಮಸಭೆ ಅಗಸ್ಟೀನರ ಕಡೆಗೇ ನಿಂತದ್ದಕ್ಕೆ ಒಂದು ಬಲವಾದ ಕಾರಣವಿತ್ತು. ಯಾಜಕನ ಅಂತರಂಗದ ಮೇಲೆ ಸಂಸ್ಕಾರ ನಿಂತಿದ್ದರೆ, ತನಗೆ ಕೊಟ್ಟ ಪರಮಪ್ರಸಾದ ನಿಜವಾದದ್ದೇ ಎಂದು ಯಾವ ಹಳ್ಳಿಯ ಮುದುಕಿಗೂ ಎಂದೂ ಗೊತ್ತಾಗುವಂತಿರಲಿಲ್ಲ.

ಕೆಂಪು ಶಾಯಿ

ಇತಿಹಾಸ ಹೇಳುವಾಗ ಇನ್ನರ್ಧವನ್ನೂ ಹೇಳಬೇಕು. ಇದೇ ಅಗಸ್ಟೀನರು ಮೊದಲು ಬಲಾತ್ಕಾರ ಬೇಡವೆಂದಿದ್ದವರು, ಆಮೇಲೆ ಡೊನಾಟಿಸ್ಟರನ್ನು ಸಾಮ್ರಾಜ್ಯದ ಕಾನೂನಿನ ಬಲದಿಂದ ಒಳಗೆ ತರುವುದನ್ನು ಸಮರ್ಥಿಸಿದರು. ಲೂಕನ ಶುಭಸಂದೇಶದ ಔತಣದ ಕಥೆಯಲ್ಲಿ ಬರುವ ‘ಬಲವಂತಮಾಡಿ ಕರೆದು ತಾ’ ಎಂಬ ಮಾತನ್ನು ಅದಕ್ಕೆ ಆಧಾರ ಮಾಡಿಕೊಂಡರು. ಆ ವಾದವನ್ನು ಮುಂದಿನ ಶತಮಾನಗಳು ಎಲ್ಲಿಯವರೆಗೆ ಎಳೆದವು ಎಂಬುದು ತಮಗೂ ಗೊತ್ತಿದೆ. ಕಳೆಯನ್ನು ಕೊಯ್ಲಿನವರೆಗೆ ಬಿಡಿ ಎಂದವರು ಎದುರಾಳಿಗಳನ್ನು ಮಾತ್ರ ಕೊಯ್ಲಿಗೆ ಮುಂಚೆಯೇ ಕೀಳಲು ಒಪ್ಪಿದ್ದು ಯಾವ ನ್ಯಾಯ?

ಇತಿಹಾಸದ ಹುಳು

ಸಮರ್ಥಿಸಿದ್ದು ನಿಜ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಸಂಸ್ಕಾರಗಳ ಬಗ್ಗೆ ಅವರಿಟ್ಟ ವಾದ ಆ ನಿಲುವಿನ ಮೇಲೆ ನಿಂತಿಲ್ಲ. ಅವರ ವಾದದ ಪ್ರಕಾರವೇ ನೋಡಿದರೂ, ಸಂತರೊಬ್ಬರ ಮಾತೆಲ್ಲವೂ ಪವಿತ್ರ ಎಂದೇನೂ ಆಗುವುದಿಲ್ಲವಲ್ಲ.

ಸಾಗರದ ಕಡೆಯವ

ನಾನು ಕ್ರೈಸ್ತನಲ್ಲ, ಸುಮ್ಮನೆ ಓದುತ್ತಿದ್ದೆ. ನಮ್ಮ ಮನೆಯಲ್ಲಿ ಅಜ್ಜಿ ಮಡಿಯುಟ್ಟು ಅಡುಗೆಮನೆಯಲ್ಲಿದ್ದರೆ ಮಕ್ಕಳು ಹೊಸ್ತಿಲು ದಾಟುವಂತಿರಲಿಲ್ಲ; ಯಾರಾದರೂ ಅಪ್ಪಿತಪ್ಪಿ ಮುಟ್ಟಿದರೆ ಮಡಿ ಕೆಟ್ಟು ಅವರು ಮತ್ತೆ ಸ್ನಾನ ಮಾಡಬೇಕಾಗುತ್ತಿತ್ತು. ನೀವು ಹೇಳುವ ಪವಿತ್ರತೆಯೂ ಇಂಥದ್ದೇ ಆದರೆ ಪಾಪಿಗಳನ್ನು ಒಳಗೆ ಇಟ್ಟುಕೊಂಡ ಸಭೆ ಕೂಡಲೇ ಮೈಲಿಗೆಯಾಗಬೇಕು. ಆಗುವುದಿಲ್ಲ ಎನ್ನುತ್ತಿದ್ದೀರಿ, ಹಾಗಾದರೆ ಅದು ಕೆಲಸ ಮಾಡುವ ಬಗೆ ಹೇಗೆ?

ಸಿಸ್ಟರ್ ಆಗದವಳು

ಅಣ್ಣಾ, ಇಷ್ಟು ಹೊತ್ತು ನಾವು ಸುತ್ತು ಹಾಕುತ್ತಿದ್ದ ಪ್ರಶ್ನೆಯನ್ನು ನೀವು ನೇರವಾಗಿ ಕೇಳಿದ್ದೀರಿ. ಮೋಶೆಯ ಧರ್ಮಶಾಸ್ತ್ರದಲ್ಲೂ ಮುಟ್ಟು, ಹೆಣ, ಕುಷ್ಠಗಳ ವಿಷಯದಲ್ಲಿ ಇಂಥ ಕಟ್ಟುಪಾಡುಗಳಿದ್ದವು. ಮಾರ್ಕನ ಶುಭಸಂದೇಶದ ಮೊದಲ ಅಧ್ಯಾಯದಲ್ಲಿ ಕುಷ್ಠರೋಗಿಯೊಬ್ಬ ಯೇಸುವಿನ ಮುಂದೆ ಮೊಣಕಾಲೂರುತ್ತಾನೆ. ಅವನನ್ನು ದೂರದಿಂದಲೇ ಒಂದು ಮಾತಿನಲ್ಲಿ ಗುಣಪಡಿಸಬಹುದಿತ್ತು, ಆದರೆ ಯೇಸು ಕೈಚಾಚಿ ಮುಟ್ಟುತ್ತಾರೆ. ಐದನೇ ಅಧ್ಯಾಯದಲ್ಲಿ ಹನ್ನೆರಡು ವರ್ಷಗಳಿಂದ ರಕ್ತಸ್ರಾವವಾಗುತ್ತಿದ್ದ ಹೆಂಗಸು ಜನಜಂಗುಳಿಯಲ್ಲಿ ಹಿಂದಿನಿಂದ ಬಂದು ಅವರ ಬಟ್ಟೆ ಮುಟ್ಟುತ್ತಾಳೆ. ಎರಡು ಕಡೆಯೂ ಮೈಲಿಗೆ ಯೇಸುವಿಗೆ ತಗಲುವುದಿಲ್ಲ, ಅವರಲ್ಲಿದ್ದದ್ದು ರೋಗಿಗೆ ತಗಲುತ್ತದೆ. ಕಥೋಲಿಕ ತಿಳಿವಳಿಕೆಯಲ್ಲಿ ಧರ್ಮಸಭೆಯ ಪವಿತ್ರತೆ ಈ ಬಗೆಯದು. ಪಾಪಿಗಳನ್ನು ಒಳಗೆ ಕರೆದುಕೊಳ್ಳುವುದೇ ಅದರ ಕೆಲಸವಾದ್ದರಿಂದ, ಪಾಪಿಗಳಿಲ್ಲದ ಧರ್ಮಸಭೆ ಇದ್ದರೆ ಅದಕ್ಕೆ ಕೆಲಸವೇ ಇರುವುದಿಲ್ಲ.

ಇನ್ನೊಂದು ಮಾತು. ನಾನು ಪವಿತ್ರನಾಗಿರುವಂತೆ ನೀವೂ ಪವಿತ್ರರಾಗಿರಿ ಎಂಬ ದೇವರ ಆಜ್ಞೆ ಯಾಜಕಕಾಂಡದ ಹತ್ತೊಂಬತ್ತನೇ ಅಧ್ಯಾಯದ ಆರಂಭದಲ್ಲಿದೆ. ಅದರ ಕೆಳಗೆ ಬರುವುದು ಧ್ಯಾನದ ವಿಧಾನವಲ್ಲ: ಹೊಲದ ಅಂಚಿನ ಪೈರನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕು, ಕೂಲಿಯವನ ಕೂಲಿಯನ್ನು ಬೆಳಗಿನವರೆಗೆ ಇಟ್ಟುಕೊಳ್ಳಬಾರದು, ಕಿವುಡನನ್ನು ಶಪಿಸಬಾರದು, ಕುರುಡನ ಮುಂದೆ ಎಡವುಗಲ್ಲು ಇಡಬಾರದು.

ಎರಡನೇ ಸಾಲು

ಸಿಸ್ಟರ್ ಆಗದವಳು ಅಕ್ಕನವರ ಮಾತು ಓದಲು ಚೆನ್ನಾಗಿದೆ. ನನ್ನ ತಾಯಿಯ ಊರಿನ ದೇವಾಲಯದಲ್ಲಿ ನಮ್ಮವರು ಹಿಂದಿನ ಬಾಗಿಲ ಬಳಿ ನಿಲ್ಲುತ್ತಿದ್ದರು. ಸಮಾಧಿಭೂಮಿಯಲ್ಲಿ ನಡುವೆ ಒಂದು ಗೋಡೆಯಿತ್ತು; ಆ ಕಡೆ ಅವರು, ಈ ಕಡೆ ನಾವು. ಒಂದೇ ನೀರಿನಲ್ಲಿ ದೀಕ್ಷಾಸ್ನಾನ ಪಡೆದು, ಒಂದೇ ಪಾತ್ರೆಯಿಂದ ಪರಮಪ್ರಸಾದ ಸ್ವೀಕರಿಸಿದವರಿಗೆ ಸತ್ತ ಮೇಲೆ ಗೋಡೆ ಬೇಕಾಯಿತು. ಇದು ಒಬ್ಬ ವ್ಯಕ್ತಿ ಒಂದು ದಿನ ಮಾಡಿದ ಪಾಪವಲ್ಲ. ಗೋಡೆ ಕಟ್ಟಲು ಸಭೆ ಸೇರಿರಬೇಕು, ವಂತಿಗೆ ಎತ್ತಿರಬೇಕು, ಕಲ್ಲು ತರಿಸಿರಬೇಕು, ಅದನ್ನು ಕಂಡೂ ಒಬ್ಬರಾದ ಮೇಲೊಬ್ಬರು ಗುರುಗಳು ಸುಮ್ಮನಿದ್ದಿರಬೇಕು. ಹಾಗಿರುವಾಗ ತಪ್ಪು ಮಾಡುವವರು ಕೆಲವು ವ್ಯಕ್ತಿಗಳು ಮಾತ್ರ, ಧರ್ಮಸಭೆಯಲ್ಲ ಎನ್ನುವ ಮಾತನ್ನು ನಾನು ಹೇಗೆ ಒಪ್ಪಲಿ?

ಹಳೇ ಉಪದೇಶಿ

ಒಪ್ಪಬೇಕಾಗಿಲ್ಲ ತಮ್ಮಾ. ತಪ್ಪು ರಚನೆಯಾಗಿ ಗಟ್ಟಿಯಾಗಬಲ್ಲದು ಎಂಬುದನ್ನು ಪೋಪ್ ಎರಡನೇ ಜಾನ್ ಪೌಲರೇ 1987ರ ಸಾಮಾಜಿಕ ಪರಿಪತ್ರದಲ್ಲಿ ಪಾಪದ ರಚನೆಗಳು ಎಂದು ಹೆಸರಿಟ್ಟು ಹೇಳಿದ್ದಾರೆ. 2003ರಲ್ಲಿ ತಮಿಳುನಾಡಿನ ಧರ್ಮಾಧ್ಯಕ್ಷರು ರೋಮಿಗೆ ಹೋಗಿದ್ದಾಗ, ಕ್ರೈಸ್ತರ ನಡುವೆ ಜಾತಿಯ ಆಧಾರದ ಮೇಲೆ ನಡೆಯುವ ಯಾವ ತಾರತಮ್ಯವೂ ನಿಜವಾದ ಅಧ್ಯಾತ್ಮಕ್ಕೆ ಅಪಾಯಕಾರಿ ಎಂದು ಅವರ ಮುಖಕ್ಕೇ ಹೇಳಿದರು. ಆ ತಾರತಮ್ಯವನ್ನು ಅವರು ಆಡಳಿತದ ಲೋಪವೆಂದು ಬಗೆಯದೆ ಅಧ್ಯಾತ್ಮದ ಪ್ರಶ್ನೆಯಾಗಿ ಕಂಡದ್ದನ್ನು ಗಮನಿಸಿ.

ನಮ್ಮ ದಕ್ಷಿಣದವರೇ ಆದ ಸಂತ ದೇವಸಹಾಯಂ ಅವರನ್ನೂ ನೆನೆಯಬೇಕು. ತಿರುವಾಂಕೂರು ಅರಮನೆಯ ಸೇವೆಯಲ್ಲಿದ್ದ, ಮೇಲುಜಾತಿಯೆನಿಸಿಕೊಂಡ ಮನೆತನದ ಸಂಸಾರಿ ಅವರು. 1745ರಲ್ಲಿ ದೀಕ್ಷಾಸ್ನಾನ ಪಡೆದ ಮೇಲೆ ಕೆಳಜಾತಿಯವರೆನಿಸಿದವರೊಡನೆ ಕೂತು ಊಟಮಾಡತೊಡಗಿದ್ದು ಅವರ ಮೇಲಿನ ಸಿಟ್ಟಿಗೆ ಒಂದು ಮುಖ್ಯ ಕಾರಣವಾಯಿತು. 1752ರ ಜನವರಿ 14ರಂದು ಗುಂಡಿಕ್ಕಿ ಕೊಂದರು. 2022ರ ಮೇ 15ರಂದು ಜಗದ್ಗುರು (ಪೋಪ್) ಫ್ರಾನ್ಸಿಸರು ಅವರನ್ನು ಸಂತರೆಂದು ಘೋಷಿಸಿದರು.

ಎರಡನೇ ಸಾಲು

ದೇವಸಹಾಯಂ ಅವರ ಪಟಕ್ಕೆ ಹಾರ ಹಾಕುವುದು ಸುಲಭ, ಉಪದೇಶಿಗಳೇ. ಅವರ ಹಬ್ಬವನ್ನು ಆಚರಿಸುವ ಊರುಗಳಲ್ಲಿ ಎಷ್ಟು ಗೋಡೆಗಳು ಬಿದ್ದಿವೆ ಎಂದು ಕೇಳಿ ನೋಡಿ.

ಗ್ರಂಥಾಲಯದ ಮೂಲೆ

ಈ ಪ್ರಶ್ನೆಯ ಮೇಲೆ ಕಥೋಲಿಕ ದೈವಶಾಸ್ತ್ರಜ್ಞರಲ್ಲೇ ಭಿನ್ನಾಭಿಪ್ರಾಯವಿದೆ ಎಂಬುದನ್ನು ಇಲ್ಲಿ ಯಾರೂ ಹೇಳಿಲ್ಲ. ಸ್ವಿಟ್ಸರ್ಲೆಂಡಿನ ಕಾರ್ಡಿನಲ್ ಶಾರ್ಲ್ ಜೂರ್ನೆ ಅವರ ಪ್ರಕಾರ ಧರ್ಮಸಭೆಯಲ್ಲಿ ಪಾಪಿಗಳಿದ್ದಾರೆ, ಆದರೆ ಧರ್ಮಸಭೆಯಲ್ಲಿ ಪಾಪವಿಲ್ಲ. ನನ್ನ ಹೃದಯದಲ್ಲಿ ಕ್ರಿಸ್ತರಿಗೆ ಸೇರಿದ ಪಾಲಿನಿಂದ ನಾನು ಧರ್ಮಸಭೆಯಲ್ಲಿದ್ದೇನೆ, ಪಾಪಕ್ಕೆ ಬಿಟ್ಟುಕೊಟ್ಟ ಪಾಲು ಅದರ ಹೊರಗಿದೆ. ಗಡಿರೇಖೆ ನನ್ನೊಳಗೇ ಹಾದುಹೋಗುತ್ತದೆ. ಜರ್ಮನಿಯ ಯೇಸುಸಭೆಯ ಗುರು ಕಾರ್ಲ್ ರಾನರ್ ಇದನ್ನು ಒಪ್ಪಲಿಲ್ಲ. ಧರ್ಮಸಭೆ ಎಂದರೆ ಆಕಾಶದಲ್ಲಿ ತೇಲುವ ಆದರ್ಶವಲ್ಲ, ನಿಜವಾದ ಮನುಷ್ಯರ ನಿಜವಾದ ಸಮುದಾಯ. ಅದರ ಸದಸ್ಯರು, ಅಧಿಕಾರದಲ್ಲಿರುವವರೂ ಸಹ ಪಾಪಿಗಳಾಗಿದ್ದರೆ ಅದು ಪಾಪಿಗಳ ಧರ್ಮಸಭೆ ಮಾತ್ರವಲ್ಲದೆ ಒಂದು ಅರ್ಥದಲ್ಲಿ ಪಾಪದಿಂದ ಬಾಧಿತವಾದ ಧರ್ಮಸಭೆಯೇ ಆಗುತ್ತದೆ ಎಂದರು. ಪಾಪವು ಅದರ ಮೂಲಸ್ವರೂಪವನ್ನು ಗೆಲ್ಲಲಾರದು ಎಂಬುದನ್ನು ಅವರೂ ಬಿಟ್ಟುಕೊಡಲಿಲ್ಲ.

ಎರಡನೇ ವ್ಯಾಟಿಕನ್ ಮಹಾಸಭೆ 1964ರ ನವೆಂಬರ್ 21ರಂದು ಪ್ರಕಟಿಸಿದ, ಧರ್ಮಸಭೆಯ ಕುರಿತಾದ ‘ಲೂಮೆನ್ ಜೆಂಸಿಯುಮ್’ ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ ಎಚ್ಚರದ ವಾಕ್ಯವೊಂದಿದೆ. ಕ್ರಿಸ್ತರು ಪವಿತ್ರರು, ನಿಷ್ಕಳಂಕರು, ಪಾಪವನ್ನರಿಯದವರು. ಧರ್ಮಸಭೆಯಾದರೋ ಪಾಪಿಗಳನ್ನು ತನ್ನ ಮಡಿಲಲ್ಲೇ ಇಟ್ಟುಕೊಂಡಿರುವುದರಿಂದ ಏಕಕಾಲಕ್ಕೆ ಪವಿತ್ರವೂ ಸದಾ ಶುದ್ಧೀಕರಣದ ಅಗತ್ಯವುಳ್ಳದ್ದೂ ಆಗಿದ್ದು, ಪಶ್ಚಾತ್ತಾಪದ ಹಾದಿಯನ್ನು ಎಡೆಬಿಡದೆ ಹಿಡಿಯುತ್ತದೆ ಎಂಬುದು ಅದರ ತಾತ್ಪರ್ಯ. ಧರ್ಮಸಭೆ ಪಾಪಿ ಎಂದು ಮಹಾಸಭೆ ಹೇಳಲಿಲ್ಲ. ಶುದ್ಧವಾಗಬೇಕಾದದ್ದು ಏನೂ ಇಲ್ಲ ಎಂದೂ ಹೇಳಲಿಲ್ಲ. ಕಲೆ ಸುಕ್ಕುಗಳಿಲ್ಲದ ಪೂರ್ಣತೆಯನ್ನು ಧರ್ಮಸಭೆ ಈಗಾಗಲೇ ಮುಟ್ಟಿರುವುದು ಮಾತೆ ಮರಿಯಮ್ಮನವರಲ್ಲಿ, ಉಳಿದ ನಾವು ಇನ್ನೂ ಪಾಪದೊಡನೆ ಹೋರಾಡುತ್ತ ಬೆಳೆಯಬೇಕಾದವರು ಎಂದು ಅದೇ ದಾಖಲೆಯ 65ನೇ ಪರಿಚ್ಛೇದ ಹೇಳುತ್ತದೆ.

ಕೆಂಪು ಶಾಯಿ

ಆ ಎಚ್ಚರವೇ ನನಗೆ ತೊಂದರೆ ಕೊಡುವುದು. 2000ದ ಮಾರ್ಚ್ 12ರಂದು ಎರಡನೇ ಜಾನ್ ಪೌಲರು ರೋಮಿನಲ್ಲಿ ಕ್ಷಮೆಯ ದಿನ ಆಚರಿಸಿ, ಯೆಹೂದ್ಯರ ವಿರುದ್ಧ, ಮಹಿಳೆಯರ ಘನತೆಯ ವಿರುದ್ಧ, ಸತ್ಯದ ಹೆಸರಿನಲ್ಲಿ ನಡೆಸಿದ ಬಲಾತ್ಕಾರದ ವಿಷಯದಲ್ಲಿ ಕ್ರೈಸ್ತರಿಂದಾದ ಪಾಪಗಳಿಗೆ ದೇವರ ಕ್ಷಮೆ ಬೇಡಿದರು. ಶಿಲುಬೆಯನ್ನು ಅಪ್ಪಿಕೊಂಡು ಮುತ್ತಿಟ್ಟರು. ದೊಡ್ಡ ಘಟನೆ, ಸಂಶಯವಿಲ್ಲ. ಆದರೆ ಅಂದಿನ ಮಾತುಗಳೆಲ್ಲ ಧರ್ಮಸಭೆಯ ಮಕ್ಕಳ ಪಾಪ ಎಂಬ ಧಾಟಿಯಲ್ಲೇ ಇದ್ದವು. ವಿಚಾರಣಾ ನ್ಯಾಯಾಲಯಗಳಿಗೆ (ಇನ್‌ಕ್ವಿಸಿಷನ್) ಆಜ್ಞೆ ಕೊಟ್ಟು, ನಿಯಮ ಬರೆದು, ನ್ಯಾಯಾಧೀಶರನ್ನು ನೇಮಿಸಿದವರು ಮಕ್ಕಳೋ, ತಾಯಿಯಾದ ಧರ್ಮಸಭೆಯೋ?

ಗ್ರಂಥಾಲಯದ ಮೂಲೆ

ಆ ಆಕ್ಷೇಪವನ್ನು ಅಂದೇ ಅನೇಕ ಕಥೋಲಿಕರು ಎತ್ತಿದ್ದರು. ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗ ಅದೇ ವರ್ಷ ಹೊರತಂದ ದಾಖಲೆಯ ಉತ್ತರವೆಂದರೆ, ತಾಯಿ ತಾನು ಪಾಪ ಮಾಡದಿದ್ದರೂ ಮಕ್ಕಳ ಪಾಪದ ಹೊಣೆಯನ್ನು ತನ್ನ ಮೇಲೆ ಹೊತ್ತು ಕ್ಷಮೆ ಬೇಡುತ್ತಾಳೆ ಎಂಬುದು. ಇದರಿಂದ ತಮಗೆ ಸಮಾಧಾನವಾಗದಿದ್ದರೆ ಆಶ್ಚರ್ಯವಿಲ್ಲ. ನನಗೂ ಪೂರ್ತಿ ಆಗಿಲ್ಲ.

ಬಲ್ಮಠದ ಕಡೆಯವನು

ನಮ್ಮದು ಬಾಸೆಲ್ ಮಿಷನ್ ಪರಂಪರೆಯ ಪ್ರೊಟೆಸ್ಟೆಂಟ್ ಕುಟುಂಬ, ಆದ್ದರಿಂದ ಒಂದು ಹೊರಗಿನ ಪ್ರಶ್ನೆ. ಪೌಲರು ವಿಶ್ವಾಸಿಗಳೆಲ್ಲರನ್ನೂ ಪವಿತ್ರರೆಂದು ಕರೆದರು ಎಂದು ಮೇಲೆ ನೀವೇ ಒಪ್ಪಿದ್ದೀರಿ. ಹಾಗಿದ್ದ ಮೇಲೆ ಕೆಲವರನ್ನು ಮಾತ್ರ ಆರಿಸಿ, ಪವಾಡಗಳನ್ನು ಲೆಕ್ಕಹಾಕಿ, ರೋಮಿನಲ್ಲಿ ಸಂತ ಪದವಿ ಕೊಡುವುದೇಕೆ? ಇದರಿಂದ ಪವಿತ್ರತೆ ಎಂಬುದು ಸಾಮಾನ್ಯ ವಿಶ್ವಾಸಿಗೆ ಎಟುಕದ ಪ್ರಶಸ್ತಿಯಂತಾಗಲಿಲ್ಲವೇ?

ಸಿಸ್ಟರ್ ಆಗದವಳು

ಆಗಿತ್ತು, ಸರ್. ಮಠ, ಕಾನ್ವೆಂಟುಗಳಲ್ಲಿರುವವರದ್ದು ಪವಿತ್ರತೆಯ ಹಾದಿ, ಸಂಸಾರಸ್ಥರದ್ದು ಹೇಗೋ ಪಾರಾಗುವ ಹಾದಿ ಎಂಬ ಭಾವನೆ ನಮ್ಮಜ್ಜಿಯರ ಕಾಲದಲ್ಲಿ ಗಟ್ಟಿಯಾಗಿತ್ತು. ನನ್ನ ಹೆಸರನ್ನು ನೋಡಿ. ಕಾನ್ವೆಂಟಿಗೆ ಹೋಗದಿದ್ದುದಕ್ಕೆ ಮನೆಯಲ್ಲಿ ಅನೇಕ ವರ್ಷ ಅಯ್ಯೋ ಎಂದರು. 1609ರಲ್ಲೇ ಸಂತ ಫ್ರಾನ್ಸಿಸ್ ದ ಸೇಲ್ಸ್, ಸೈನಿಕರ ಪಾಳೆಯದಿಂದಲೂ ಕುಶಲಕರ್ಮಿಯ ಅಂಗಡಿಯಿಂದಲೂ ವಿವಾಹಿತರ ಮನೆಯಿಂದಲೂ ಭಕ್ತಿಜೀವನವನ್ನು ಹೊರಗಟ್ಟುವುದು ತಪ್ಪು ಎಂದು ಬರೆದಿದ್ದರು. ಅದು ಧರ್ಮಸಭೆಯ ಅಧಿಕೃತ ದಾಖಲೆಯಲ್ಲಿ ಒಂದು ಇಡೀ ಅಧ್ಯಾಯವಾಗಿ ನಿಂತದ್ದು 1964ರಲ್ಲಿ. ‘ಲೂಮೆನ್ ಜೆಂಸಿಯುಮ್’ನ ಐದನೇ ಅಧ್ಯಾಯದ ಶೀರ್ಷಿಕೆಯೇ ಪವಿತ್ರತೆಗೆ ಸಾರ್ವತ್ರಿಕ ಕರೆ ಎಂದು. ಧಾರ್ಮಿಕ ಸಭೆಗಳ ಸಂನ್ಯಾಸಿಗಳ ಬಗೆಗಿನ ಅಧ್ಯಾಯ ಅದರ ನಂತರ ಬರುತ್ತದೆ. ಎಲ್ಲರನ್ನೂ ಕರೆದ ಮೇಲೆ ಅವರ ಸರದಿ. ಆ ಕ್ರಮವನ್ನು ಆರಿಸಿಕೊಂಡದ್ದು ಆಕಸ್ಮಿಕವಲ್ಲ.

ಸಂತ ಪದವಿಯ ಘೋಷಣೆ ಯಾರನ್ನೂ ಸಂತರನ್ನಾಗಿ ಮಾಡುವುದಿಲ್ಲ, ಆಗಿರುವುದನ್ನು ಗುರುತಿಸಿ ಹೇಳುತ್ತದೆ. ಗುರುತಿಸದೆ ಉಳಿದವರೇ ಬಹಳ ಮಂದಿ ಎಂದಲ್ಲವೇ ನವೆಂಬರ್ 1ರಂದು ಸಕಲ ಸಂತರ ಹಬ್ಬ ಮಾಡುವುದು? ಪೋಪ್ ಫ್ರಾನ್ಸಿಸರು 2018ರಲ್ಲಿ ಪವಿತ್ರತೆಯ ಬಗ್ಗೆ ಬರೆದಾಗ ಆರಂಭದಲ್ಲೇ ಪಕ್ಕದ ಮನೆಯ ಸಂತರ ಬಗ್ಗೆ ಮಾತಾಡಿದರು: ಮಕ್ಕಳನ್ನು ಅಕ್ಕರೆಯಿಂದ ಬೆಳೆಸುವ ತಂದೆತಾಯಿಗಳು, ಮನೆಗೆ ಅನ್ನ ತರಲು ದುಡಿಯುವವರು, ನಗುಮುಖ ಬಿಡದ ರೋಗಿಗಳು.

ರಸ್ತೆಬದಿ ಓದುಗ

ಸಂಸಾರಸ್ಥರು ಸಂತರಾದ ಉದಾಹರಣೆ ದೇವಸಹಾಯಂ ಒಬ್ಬರೇ ಏನು?

ಹಳೇ ಉಪದೇಶಿ

ಫ್ರಾನ್ಸಿನ ಲಿಸಿಯೂದ ಸಂತ ತೆರೇಸರ ತಂದೆತಾಯಿಗಳಾದ ಲೂಯಿ ಮತ್ತು ಝೇಲೀ ಮಾರ್ಟಿನ್ ದಂಪತಿಯನ್ನು 2015ರ ಅಕ್ಟೋಬರ್‌ನಲ್ಲಿ ಒಟ್ಟಿಗೆ ಸಂತರೆಂದು ಘೋಷಿಸಿದರು. ಅವನು ಗಡಿಯಾರ ರಿಪೇರಿಯವನು, ಅವಳು ಲೇಸ್ ಹೆಣೆಸಿ ಮಾರುತ್ತಿದ್ದವಳು.

ಮಿತಭಾಷಿ

ಹಾಗಾದರೂ ಪವಾಡ ಬೇಕೇ ಬೇಕಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಸಂತನಾದ ಕಾರ್ಲೊ ಅಕ್ಯೂಟಿಸ್ ಎಂಬ ಹದಿನೈದರ ಹುಡುಗನಿಗೂ ಎರಡು ಗುಣಪಡಿಕೆಗಳನ್ನು ಪರಿಶೀಲಿಸಿದ್ದರು.

ಗ್ರಂಥಾಲಯದ ಮೂಲೆ

ಪವಾಡವನ್ನು ಕೇಳುವುದು ಆ ವ್ಯಕ್ತಿಯ ಪವಿತ್ರತೆಯ ಪ್ರಮಾಣ ಅಳೆಯಲಿಕ್ಕಲ್ಲ. ನಡತೆಯ ವಿಚಾರಣೆ ಅದಕ್ಕೆ ಮುಂಚೆ ಸಾಕ್ಷಿ, ಪತ್ರ, ಬರಹಗಳನ್ನಿಟ್ಟುಕೊಂಡು ಬೇರೆಯಾಗಿಯೇ ನಡೆದಿರುತ್ತದೆ. ಮನುಷ್ಯರಾದ ನಮ್ಮ ತೀರ್ಪಿಗೆ ದೇವರಿಂದ ಒಂದು ಮುದ್ರೆ ಸಿಗಲಿ ಎಂಬುದು ಪವಾಡದ ಉದ್ದೇಶ. ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟ ರಕ್ತಸಾಕ್ಷಿಗಳಿಗೆ ಮೊದಲ ಹಂತದಲ್ಲಿ ಪವಾಡ ಬೇಕಾಗುವುದಿಲ್ಲ. ಪವಾಡಗಳ ವಿಷಯಕ್ಕೆ ಬೇರೆ ಚರ್ಚೆ ತೆರೆಯೋಣ, ಇಲ್ಲಿ ದಾರಿ ತಪ್ಪುತ್ತದೆ.

ಮುಡಿಪು ದಾರಿ

ದಾರಿ ತಪ್ಪಿಸದೆ ನಮ್ಮ ಕಡೆಯ ಒಂದು ಸಂಗತಿ ಹೇಳುತ್ತೇನೆ. ಮಂಗಳೂರಿನ ಹತ್ತಿರದ ಮುಡಿಪು ಬೆಟ್ಟಕ್ಕೆ ಬರುವವರೆಲ್ಲ ಸಂತ ಜೋಸೆಫ್ ವಾಸ್ ಅವರ ಪ್ರಾರ್ಥನೆಯಿಂದ ಚಿಮ್ಮಿತೆನ್ನುವ ನೀರಿನ ಸೆಲೆಗಳನ್ನು ನೋಡಿ, ಬಾಟಲಿಯಲ್ಲಿ ತುಂಬಿಕೊಂಡು ಹೋಗುತ್ತಾರೆ. ಆ ಪ್ರತೀತಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವರು 1681ರಿಂದ 1684ರವರೆಗೆ ಕೆನರಾದಲ್ಲಿದ್ದ ಸಂದರ್ಭವನ್ನು ಬಲ್ಲವರು ಕಡಿಮೆ. ಪೋರ್ಚುಗೀಸ್ ರಾಜನ ಪದ್ರೊವಾದೊ (ಇಲ್ಲಿಯ ಧರ್ಮಸಭೆಗೆ ಧರ್ಮಾಧ್ಯಕ್ಷರನ್ನು ಹೆಸರಿಸುವ) ಹಕ್ಕಿನ ಹೆಸರಿನಲ್ಲಿ ಗೋವಾದವರು ಒಂದು ಕಡೆ, ಧರ್ಮಪ್ರಚಾರ ನೋಡಿಕೊಳ್ಳುವ ರೋಮಿನ ಪ್ರಪಗಾಂಡ ಸಂಸ್ಥೆ ನೇಮಿಸಿದ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ಟ್ರೊ ಇನ್ನೊಂದು ಕಡೆ. ಅಧಿಕಾರ ಯಾರದ್ದು ಎಂದು ಕಿತ್ತಾಟ. ಒಬ್ಬರು ಕೊಟ್ಟ ಸಂಸ್ಕಾರ ಸಿಂಧುವೋ ಅಲ್ಲವೋ ಎಂದು ಜನ ಕಂಗಾಲಾಗಿದ್ದರು. ಮೇಲೆ ಹೇಳಿದ ಆಫ್ರಿಕಾದ ಜಗಳದ ಎಳೆ ನಮ್ಮ ನೇತ್ರಾವತಿ ದಂಡೆಗೂ ಬಂದಿತ್ತು ಎನ್ನಿ. ಗೋವಾದಿಂದ ಬಂದ ಯುವ ಗುರು ವಾಸ್, ತಮ್ಮನ್ನು ಕಳುಹಿಸಿದವರ ಹಕ್ಕನ್ನು ಸಮರ್ಥಿಸಿಯೂ ಎದುರು ಪಕ್ಷದ ಧರ್ಮಾಧ್ಯಕ್ಷರೊಡನೆ ವಿನಯ ಬಿಡದೆ ನಡೆದುಕೊಂಡು, ಜನರ ಮನಸ್ಸಿನ ಗೊಂದಲವನ್ನು ಕಡಿಮೆ ಮಾಡಲು ಹೆಣಗಿದರು.

ಮುಂದೆ 1687ರಲ್ಲಿ ಡಚ್ಚರ ಆಳ್ವಿಕೆಯ ಶ್ರೀಲಂಕಾಕ್ಕೆ ಕೂಲಿಯವನ ವೇಷದಲ್ಲಿ ಹೋದರು, ಕ್ಯಾಂಡಿಯಲ್ಲಿ ಗೂಢಚಾರನೆಂದು ಸೆರೆಯಾದರು, 1697ರ ಸಿಡುಬಿನ ಕಾಲದಲ್ಲಿ ಕಾಡಿಗೆ ಎಸೆದ ರೋಗಿಗಳ ಆರೈಕೆ ಮಾಡಿದರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಸಂತರಾದರು. ಧರ್ಮಸಭೆಯ ಅತಿ ಸಣ್ಣತನದ ಜಗಳದ ನಡುವೆ ನಿಂತ ಈ ಒಬ್ಬ ಮನುಷ್ಯ, ಬೆಳಗಿನ ಪೂಜೆಯವರ ಮಕ್ಕಳಿಗೆ ಸೆಲೆಗಳಿಗಿಂತ ಹೆಚ್ಚು ಹೇಳಬಲ್ಲರು.

ಕೆಂಪು ಶಾಯಿ

ವಾಸ್ ಅವರ ಬಗ್ಗೆ ನನಗೂ ಗೌರವವಿದೆ. ಆದರೆ ಇಡೀ ಚರ್ಚೆಯಲ್ಲಿ ಮುಖ್ಯವಾದ ಪ್ರಶ್ನೆಯನ್ನು ಎಲ್ಲರೂ ನಯವಾಗಿ ದಾಟುತ್ತಿದ್ದೀರಿ. ಯಾಜಕರಿಂದ ಮಕ್ಕಳ ಮೇಲೆ ದೌರ್ಜನ್ಯ ನಡೆದಾಗ ದೇಶದೇಶಗಳಲ್ಲಿ ಅದನ್ನು ಮುಚ್ಚಿಟ್ಟದ್ದು ಯಾವ ಹೆಸರಿನಲ್ಲಿ? ಪವಿತ್ರ ಧರ್ಮಸಭೆಗೆ ಕಳಂಕ ಬರಬಾರದು ಎಂಬ ಹೆಸರಿನಲ್ಲೇ ಅಲ್ಲವೇ? ಪವಿತ್ರತೆಯ ಸಿದ್ಧಾಂತವೇ ಮುಚ್ಚಿಡುವುದಕ್ಕೆ ಪರದೆಯಾಯಿತು.

ಸಿಸ್ಟರ್ ಆಗದವಳು

ಪರದೆಯಾಗಿ ಬಳಸಿದ್ದು ನಿಜ. ಆದರೆ ಅವರು ಕಾಪಾಡಿದ್ದು ಪವಿತ್ರತೆಯನ್ನಲ್ಲ, ಮರ್ಯಾದೆಯನ್ನು. ಇವೆರಡೂ ಒಂದೇ ಎಂದು ನಾವು ತಿಳಿದುಕೊಂಡದ್ದರಿಂದಲೇ ಇಷ್ಟು ಅನಾಹುತವಾಯಿತು ಎಂದು ನನ್ನ ಖಚಿತ ಅಭಿಪ್ರಾಯ. ಮರ್ಯಾದೆ ಮುಚ್ಚಿಟ್ಟರೆ ಉಳಿಯುತ್ತದೆ, ಬಯಲಾದರೆ ಹೋಗುತ್ತದೆ. ಕ್ರಿಸ್ತರು ಕೊಟ್ಟ ಪವಿತ್ರತೆಗೆ ಬೆಳಕಿನಿಂದ ಭಯವಿಲ್ಲ, ಏಕೆಂದರೆ ಅದು ನಮ್ಮ ಒಳ್ಳೆಯ ಹೆಸರಿನ ಮೇಲೆ ನಿಂತದ್ದೇ ಅಲ್ಲ. ಪೂಜೆಯಲ್ಲಿ ಏನು ಮಾಡುತ್ತೇವೆ ನೋಡಿ. ಆರಂಭದಲ್ಲೇ ಪೀಠದ ಬಳಿ ನಿಂತ ಗುರುಗಳೂ ಎದೆ ತಟ್ಟಿಕೊಂಡು ತಮ್ಮ ಪಾಪವನ್ನು ಎಲ್ಲರೆದುರು ಒಪ್ಪಿಕೊಳ್ಳುತ್ತಾರೆ. ಧರ್ಮಾಧ್ಯಕ್ಷರು ಪೂಜೆ ಅರ್ಪಿಸಿದರೂ ಅದಕ್ಕೆ ವಿನಾಯಿತಿಯಿಲ್ಲ. ಪರಸ್ಪರ ಶಾಂತಿ ಕೋರುವು‌ದಕ್ಕೆ ಮುಂಚಿನ ಪ್ರಾರ್ಥನೆಯಲ್ಲಿ, ನಮ್ಮ ಪಾಪಗಳನ್ನು ನೋಡಬೇಡಿ, ನಿಮ್ಮ ಧರ್ಮಸಭೆಯ ವಿಶ್ವಾಸವನ್ನು ನೋಡಿ ಎಂದು ಕ್ರಿಸ್ತರನ್ನು ಬೇಡುತ್ತೇವೆ. 2014ರ ಮಾರ್ಚ್ 28ರಂದು ಸಂತ ಪೇತ್ರರ ಮಹಾದೇವಾಲಯದಲ್ಲಿ ಪೋಪ್ ಫ್ರಾನ್ಸಿಸರನ್ನು ಪಾಪನಿವೇದನೆ ಕೇಳುವ ಪೀಠದ ಕಡೆಗೆ ಕರೆದೊಯ್ಯುತ್ತಿದ್ದಾಗ, ಅವರು ಮೊದಲು ಇನ್ನೊಂದು ಪೀಠದ ಮುಂದೆ ಹೋಗಿ ಸಾಧಾರಣ ಗುರುವೊಬ್ಬರೆದುರು ಎಲ್ಲರ ಕಣ್ಣ ಮುಂದೆ ಮೊಣಕಾಲೂರಿದರು.

ಎರಡನೇ ಸಾಲು

ಎದೆ ತಟ್ಟಿಕೊಂಡರೆ ಸಾಲದು ಅಕ್ಕಾ. ದೂರು ಕೊಡಲು ಬಾಗಿಲು ಬೇಕು.

ಗ್ರಂಥಾಲಯದ ಮೂಲೆ

ಆ ಮಾತನ್ನು ಕಾನೂನೂ ತಡವಾಗಿ ಒಪ್ಪಿತು. 2019ರ ಮೇ ತಿಂಗಳಲ್ಲಿ ಫ್ರಾನ್ಸಿಸರು ಹೊರಡಿಸಿದ ‘ವೋಸ್ ಎಸ್ತಿಸ್ ಲುಕ್ಸ್ ಮುಂದಿ’ ಶಾಸನದ ಪ್ರಕಾರ ಪ್ರತಿಯೊಂದು ಧರ್ಮಕ್ಷೇತ್ರವೂ ದೂರು ಸ್ವೀಕರಿಸುವ ವ್ಯವಸ್ಥೆ ಇಡಲೇಬೇಕು. ಯಾಜಕರೂ ಧಾರ್ಮಿಕ ಸಭೆಗಳವರೂ ತಮಗೆ ತಿಳಿದುಬಂದ ದೌರ್ಜನ್ಯವನ್ನು ವರದಿ ಮಾಡಲೇಬೇಕು. ಮುಚ್ಚಿಟ್ಟ ಧರ್ಮಾಧ್ಯಕ್ಷರೂ ವಿಚಾರಣೆಗೆ ಒಳಪಡುತ್ತಾರೆ. 2023ರಲ್ಲಿ ಅದನ್ನು ಕಾಯಂ ಮಾಡಿದರು. ಅದಕ್ಕೂ ಮುಂಚೆ, 2018ರ ಆಗಸ್ಟ್ 20ರ ಪತ್ರದಲ್ಲಿ, ಗುರುಗಳನ್ನು ಪ್ರಶ್ನಾತೀತರನ್ನಾಗಿ ಮಾಡುವ ಮನೋಭಾವವೇ ಈ ದುಷ್ಕೃತ್ಯಗಳಿಗೆ ಇಂಬು ಕೊಟ್ಟಿದೆ ಎಂದು ಅವರು ಇಡೀ ದೇವಜನರಿಗೆ ಬರೆದಿದ್ದರು.

ಬೆಳಗಿನ ಪೂಜೆ

ಎಲ್ಲರಿಗೂ ಧನ್ಯವಾದಗಳು. ಮುಂದಿನ ಪಾಠಕ್ಕೆ ಕೊರಿಂಥದವರ ಪತ್ರದ ಮೂರು ಅಧ್ಯಾಯಗಳು, ಯಾಜಕಕಾಂಡದ ಹತ್ತೊಂಬತ್ತು ಮತ್ತು ವಾಸ್ ಅವರ ಕೆನರಾದ ವರ್ಷಗಳು ಎಂದು ಇಟ್ಟುಕೊಂಡಿದ್ದೇನೆ. ಎರಡನೇ ಸಾಲು ಅವರ ಗೋಡೆಯ ವಿಷಯವನ್ನೂ ಅವರ ಅನುಮತಿಯಿದ್ದರೆ ಹೇಳಬೇಕೆಂದಿದ್ದೇನೆ.

ಎರಡನೇ ಸಾಲು

ಹೇಳಿ ಮೇಡಂ. ಊರಿನ ಹೆಸರು ಮಾತ್ರ ಬೇಡ, ನಮ್ಮ ಅತ್ತೆಯವರು ಇನ್ನೂ ಅಲ್ಲೇ ಇದ್ದಾರೆ.

ಕೆಂಪು ಶಾಯಿ

ತಾಯಿ ಮತ್ತು ಮಕ್ಕಳ ಪ್ರಶ್ನೆಗೆ ಮಾತ್ರ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಗ್ರಂಥಾಲಯದ ಮೂಲೆ

ರಾನರ್ ಮತ್ತು ಜೂರ್ನೆ ಇಬ್ಬರೂ ಬದುಕಿರುವವರೆಗೂ ಅದರಲ್ಲಿ ಒಮ್ಮತಕ್ಕೆ ಬರಲಿಲ್ಲ ಸ್ವಾಮಿ. ನಿಮಗೂ ನನಗೂ ಈ ರಾತ್ರಿಯೇ ಮುಗಿಯಬೇಕೆಂದೇನಿದೆ? ಮಹಾಸಭೆಯ ದಾಖಲೆಯ ಎಂಟನೇ ಪರಿಚ್ಛೇದವನ್ನೂ ಆಯೋಗದ ವಾದವನ್ನೂ ಅಕ್ಕಪಕ್ಕ ಇಟ್ಟುಕೊಂಡು ನಾಳೆ ಮುಂದುವರಿಸೋಣ.